ನಾಳೆ ಬನ್ನಿ ಎನ್ನುವ ಬಾಗಿಲು

"ನಾಳೆ ಬನ್ನಿ," ಎಂದಿತು ಬಾಗಿಲು.

ಮಂಚಮ್ಮ ತನ್ನ ಮನೆಯ ಮುಂದೆಯೇ ಪರದೇಶಿಯಂತೆ ನಿಂತಿದ್ದಳು. ನಿನ್ನೆ ಅಕ್ಕಿ ತಂದು ಮರಳಿದಾಗಿನಿಂದ ಇದೇ ಪಾಠ. ಒಳಗೆ ಎಂಟು ವರ್ಷದ ಮಗಳು ಇಂಚರ ಒಬ್ಬಳೇ. ತಾಯಿಯ ದನಿ ಕೇಳಿದಾಗಲೆಲ್ಲ ಬಾಗಿಲ ಸಂದಿಗೆ ಬಾಯಿಟ್ಟು ಮಾತಾಡುತ್ತಿದ್ದವಳು ಈಗ ಅಲ್ಲೇ ಮಲಗಿಬಿಟ್ಟಿದ್ದಳು.

ಬಾಗಿಲ ಮೇಲಿನ ಡಬ್ಬಿಗೆ ಉಸಿರುಗಾವಲು ಎಂದು ಹೆಸರು. ಹಳೆಯ ಮದ್ದುಗಳಿಗೆ ಜಗ್ಗದ ಪ್ಲೇಗು ಮರಳಿ ಬಂದಾಗ ಈ ಯಂತ್ರವನ್ನು ಕಂಡುಹಿಡಿದವರು ಡಾ. ಪದ್ಮರಾಜಯ್ಯ. ಮಧ್ಯಯುಗದ ಪಿಡುಗುಗಳ ಚರಿತ್ರೆಯನ್ನು ಅರೆದು ಕುಡಿದವರು. ಇಲಿಯ ಮೈಮೇಲಿನ ಚಿಗಟವೇ ರೋಗ ತರುತ್ತದೆಂದು ಆ ಕಾಲದವರಿಗೆ ತಿಳಿದಿರಲಿಲ್ಲ. ಗಾಳಿ ಕೆಟ್ಟಿದೆಯೆಂದು ಬೇವಿನ ಹೊಗೆ ಹಾಕಿದರು, ಕಂಕುಳ ಗಡ್ಡೆಗೆ ಬರೆಯಿಟ್ಟರು. ತಂದೆ ಮಗನಿಗೆ ಬಾಗಿಲು ತೆರೆಯಲಿಲ್ಲ, ಹೆಣಕ್ಕೆ ಹೆಗಲು ಸಿಗಲಿಲ್ಲ. ಮಾರಿ ಬಂಧುಗಳ ದನಿಯಲ್ಲಿ ಕೂಗುತ್ತಾಳೆಂದು ಹೆದರಿ ಕದದ ಮೇಲೆ 'ನಾಳೆ ಬಾ' ಎಂದು ಬರೆದರು. ಡಾಕ್ಟರರಿಗೆ ಈ ಉಪಾಯ ಹಿಡಿಸಿತು. 'ಬಾ' ಎಂಬುದು 'ಬನ್ನಿ' ಆದದ್ದು ಅವರ ಸೌಜನ್ಯ.

ಹೊಸಿಲ ಬಳಿ ರೋಗದ ಉಸಿರು ಸುಳಿದರೆ ಉಕ್ಕಿನ ಕದ ಬಿಗಿದುಕೊಂಡು 'ನಾಳೆ ಬನ್ನಿ' ಎನ್ನುತ್ತದೆ; ಆ ಉಸಿರು ಇಲ್ಲವಾದರೆ ತಾನಾಗಿ ತೆರೆದುಕೊಳ್ಳುತ್ತದೆ. ಅಳು, ಲಂಚ, ಶಿಫಾರಸು ಯಾವುದಕ್ಕೂ ಬಗ್ಗುವುದಿಲ್ಲ. ಕರುಳು ಕರಗಿ ಯಾರಾದರೂ ತೆರೆದಾರೆಂದು ಒಳಗಿನವರ ಕೈಗೂ ಚಿಲಕ ಕೊಟ್ಟಿರಲಿಲ್ಲ.

ಮಂಚಮ್ಮನ ದೂರು ಕೇಳಿ ಡಾಕ್ಟರರೇ ಮೂಗು ಬಾಯಿಗೆ ಮುಸುಕು ಹಾಕಿಕೊಂಡು ಬಂದಿದ್ದರು.

"ನಂಗೇನೂ ಆಗಿಲ್ಲ ಸಾರ್," ಎಂದಳು ಅವಳು. "ಮಗೀಗೆ ಮೈ ಸುಡ್ತಾ ಐತಂತೆ. ಮೊನ್ನೆ ಅಟ್ಟದಿಂದ ಇಲಿ ಬಿತ್ತು ಅಂತಿದ್ಲು."

"ಯಂತ್ರ ಸುಳ್ಳು ಹೇಳೋದಿಲ್ಲಮ್ಮ. ಎದುರು ಸಾಲು ನೋಡಿ, ಬೆಳಗಿನಿಂದ ಒಂದೊಂದೇ ಬಾಗಿಲು ತಾನಾಗಿ ತೆರ್ಕೊಳ್ತಾ ಇದೆ. ರೋಗ ಇಳೀತಿದೆ. ನೀವು ಸ್ವಲ್ಪ ದೂರ ಹೋಗಿ ನಿಂತ್ಕೊಳ್ಳಿ, ಪರೀಕ್ಷೆ ಮಾಡೋಣ."

ಇಬ್ಬರೂ ಬೀದಿಯ ಕೊನೆಗೆ ಸರಿದು ನಿಂತರು. ಬಾಗಿಲ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ.

"ನಾಳೆ ಬನ್ನಿ," ಎಂದಿತು ಬಾಗಿಲು.

ಡಾಕ್ಟರರು ಬಾಗಿಲ ಸಂದಿಯತ್ತ ಬೊಟ್ಟು ಮಾಡಿದರು. "ಉಸಿರು ಹೊರಗಿನದಲ್ಲ," ಎಂದರು. "ಸಂದಿಯಿಂದ ಬರ್ತಾ ಇದೆ. ಒಳಗಿಂದ."

ಬರುವವರೇ ಮಾರಿ ಎಂಬ ಹಳಬರ ನಂಬಿಕೆಯನ್ನು ಅವರು ಹಾಗೇ ಯಂತ್ರಕ್ಕೆ ಕಲಿಸಿದ್ದರು. ಮಾರಿ ಮೊದಲಿನಿಂದಲೂ ಅಟ್ಟದ ಮೇಲೆಯೇ ಇದ್ದಳು.

"ಹಂಗಾರೆ ಆ ತೆರೆದಿರೋ ಬಾಗ್ಲುಗಳು?" ಎಂದು ಮಂಚಮ್ಮ ಕೇಳಿದಳು.

ಡಾಕ್ಟರರು ಎದುರು ಸಾಲಿನತ್ತ ನೋಡಿದರು. ಆ ಮನೆಗಳಿಂದ ಯಾರೂ ಹೊರಗೆ ಬಂದಿರಲಿಲ್ಲ. ಒಳಗಿನ ಉಸಿರು ನಿಂತ ಮೇಲೆಯೇ ಅಲ್ಲಿ ಬಾಗಿಲು ತೆರೆದಿತ್ತು.

"ಹೊಸ ಸೂಜಿಮದ್ದು ಜೇಬಲ್ಲೇ ಇದೆ. ಕದ ಕೊಯ್ಯೋರನ್ನ ಕರ್ಕೊಂಡು ಬರ್ತೀನಿ," ಎಂದು ಅವರು ಎದ್ದೆನೋ ಬಿದ್ದೆನೋ ಎಂದು ಓಡಿದರು.

ಮಂಚಮ್ಮ ಹೊಸಿಲಿಗೆ ಬಂದು ಕುಸಿದಳು. ಇಂಚರಳನ್ನು ಕರೆದಳು. ಮಗಳು ಓಗೊಡಲಿಲ್ಲ. ನಿನ್ನೆಯಿಂದ ತೆರೆ ತೆರೆ ಎಂದು ಗೋಗರೆದ ಬಾಗಿಲಿಗೇ ಈಗ ಕೈಮುಗಿದು, ಅವರು ಬರುವವರೆಗೆ ತೆರೆಯಬೇಡ ಎಂದು ಬೇಡಿಕೊಂಡಳು.

"ನಾಳೆ ಬನ್ನಿ," ಎಂದಿತು ಬಾಗಿಲು.

"ಆಗ್ಲಪ್ಪ, ನಾಳೇನೇ ಬತ್ತೀನಿ," ಎಂದಳು ಅವಳು. "ಇನ್ನೊಂದ್ಸಲ ಹೇಳು."