ಬೆನ್ನ ಹಿಂದಿನ ಜಿಪ್ಪು

"ಯಾರಾದ್ರೂ ಇದ್ದೀರಾ...?"

ಅವಳ ಕೂಗು ಅವಳ ಕಿವಿಗೇ ವಾಪಸ್ ಬಂತು.

ತಲೆಯಿಂದ ಪಾದದವರೆಗೆ ಒಂದೇ ತುಂಡಿನ ಹಳದಿ ಸೂಟು. ರಾಸಾಯನಿಕ ಕಾರ್ಖಾನೆಯಲ್ಲಿ ಟ್ಯಾಂಕ್ ತೊಳೆಯುವವರು ಹಾಕಿಕೊಳ್ಳುವಂಥದ್ದು. ಮುಖದ ಮುಂದಿನ ಗಾಜು ಉಸಿರಿಗೆ ಮಸುಕಾಗಿ, ಎರಡು ಹೆಜ್ಜೆ ದೂರದ ಹೊಲಿಗೆ ಮೆಷಿನ್ನೂ ಕಾಣುತ್ತಿರಲಿಲ್ಲ. ಜಿಪ್ಪು ಇರುವುದು ಬೆನ್ನ ಹಿಂದೆ. ಹಾಕಿಕೊಳ್ಳುವಾಗ ಅದಕ್ಕೊಂದು ದಾರ ಕಟ್ಟಿ ಹೇಗೋ ಮೇಲಕ್ಕೆಳೆದುಕೊಂಡಿದ್ದಳು. ತೆಗೆಯಲು ಹೋದಾಗ ದಾರ ಕಿತ್ತು ಕೈಗೆ ಬಂತು!

ಊಟದ ಹೊತ್ತು. ನೆಲಮಾಳಿಗೆಯಲ್ಲಿ ನರಪಿಳ್ಳೆಯೂ ಇರಲಿಲ್ಲ.

'ಎಂಥ ಪೆದ್ದಿ ನಾನು! ನಾನೇ ಕತ್ತರಿಸಿ, ನಾನೇ ಹೊಲಿದ ಬಟ್ಟೆಯೊಳಗೆ ನಾನೇ ಸಿಕ್ಕಿಹಾಕಿಕೊಂಡೆನಲ್ಲ...'

ಕೈಗವಸಿನ ಬೆರಳುಗಳು ಅವಳ ಬೆರಳಿಗಿಂತ ಎರಡಿಂಚು ಉದ್ದ. ಏನನ್ನು ಹಿಡಿದರೂ ಜಾರುತ್ತಿತ್ತು. ಅಷ್ಟರಲ್ಲಿ ಬಾಗಿಲು ತೆರೆದ ಸದ್ದು.

"ಏನ್ ಸಾರ್, ನೀವಿನ್ನೂ ಇಲ್ಲೇ ಇದ್ದೀರಾ? ಪರೀಕ್ಷೆ ಶುರುವಾಗೋ ಹೊತ್ತಾಯ್ತು!"

ಗಂಡಸಿನ ದನಿ. ಅಪರಿಚಿತ ದನಿ.

"ನಾನು ಸಾರ್ ಅಲ್ಲ ರೀ! ಮೊದ್ಲು ಜಿಪ್ ಎಳೀರಿ!"

ಒಂದು ಕ್ಷಣ ಅವನು ಗರಬಡಿದವನಂತೆ ನಿಂತ. ಮರುಕ್ಷಣ ಬೆನ್ನ ಮೇಲೆ ಸರ್ರನೆ ಜಿಪ್ಪು ಇಳಿಯಿತು. ಗಾಳಿ! ಅವಳು ತಲೆಯ ಭಾಗವನ್ನು ಕಳಚಿ, ಹಣೆಗಂಟಿದ ಕೂದಲನ್ನು ಸರಿಸಿ, ಕೆಂಡದಂಥ ಕಣ್ಣುಗಳಿಂದ ತಿರುಗಿದಳು.

"ನೀವು... ಹೆಂಗಸಾ?"

"ಯಾಕೆ? ಸೂಟಿನ ಮೇಲೆ ದಪ್ಪಕ್ಷರದಲ್ಲಿ ಬರೆಸ್ಕೋಬೇಕಿತ್ತಾ?"

ಅವನು ನಗಲಿಲ್ಲ. ತನ್ನ ಚೀಲದಿಂದ ನೀರಿನ ಬಾಟಲಿ ತೆಗೆದು ಕೊಟ್ಟ. ಅವಳು ಗಟಗಟನೆ ಕುಡಿದು ಖಾಲಿ ಮಾಡುವವರೆಗೂ ಕಾದ.

"ಎಷ್ಟು ಹೊತ್ತಿಂದ ಇದರೊಳಗಿದ್ರಿ?"

"ನಲವತ್ತು ನಿಮಿಷ."

"ಯಾಕೆ ಹಾಕ್ಕೊಂಡ್ರಿ?"

"ನಮ್ಮಕ್ಕ ಕಾರ್ಖಾನೆಯಲ್ಲಿ ದಿನಾ ಏಳು ಗಂಟೆ ಹೊತ್ತು ಹಾಕ್ಕೋತಾಳೆ. ಹೇಗಿರುತ್ತೆ ಅಂತ ನೋಡ್ಬೇಕಿತ್ತು." ಅಪರಿಚಿತನ ಮುಂದೆ ಅಳುವುದೆಂದರೆ ಅವಳಿಗೆ ಆಗದು. ಬೇಗನೆ ಬೆನ್ನು ತಿರುಗಿಸಿದಳು.

ಅವನು ಸಂಶೋಧನಾ ಕೇಂದ್ರಕ್ಕೆ ಆ ದಿನವಷ್ಟೇ ಬಂದಿದ್ದ ಹೊಸ ಡಾಕ್ಟರು. ಸೂಟು ಹಾಕಿಕೊಂಡು ಬಿಸಿ ಕೋಣೆಯಲ್ಲಿ ನಡೆದು ಪರೀಕ್ಷೆ ಕೊಡುವವರ ಆರೋಗ್ಯ ನೋಡಿ, ಯಾರು ಅರ್ಹರು ಎಂದು ಸಹಿ ಹಾಕುವವನು. ಅವಳು ಅದೇ ಕೇಂದ್ರದ ನೆಲಮಾಳಿಗೆಯಲ್ಲಿ, ಕಿಟಕಿಯೇ ಇಲ್ಲದ ಕೋಣೆಯಲ್ಲಿ, ಆರು ವರ್ಷದಿಂದ ಸೂಟುಗಳನ್ನು ಕತ್ತರಿಸಿ ಹೊಲಿಯುವವಳು. ಎಲ್ಲರೂ ಅವಳನ್ನು 'ಕತ್ತರಿ' ಎಂದೇ ಕರೆಯುತ್ತಿದ್ದರು. ಕೆಲಸಕ್ಕೆ ಬಂದ ಹೆಸರೋ ನಾಲಿಗೆಗೆ ಬಂದ ಹೆಸರೋ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ!

ಮಾರನೆಯ ದಿನ ಡಾಕ್ಟರಿಗೆ ಅಂಗಿಯ ಗುಂಡಿ ಹೊಲಿಸಬೇಕಿತ್ತು. ಅದರ ಮಾರನೆಯ ದಿನ ಇನ್ನೊಂದು ಗುಂಡಿ.

"ಡಾಕ್ಟ್ರೇ, ಗುಂಡಿ ತಾನಾಗೇ ಬೀಳ್ತಿದ್ಯೋ, ನೀವೇ ಕೀಳ್ತಿದ್ದೀರೋ?"

ಅವನ ಕಿವಿ ಕೆಂಪಾಯಿತು. ಅವಳು ತಲೆ ತಗ್ಗಿಸಿ ನಕ್ಕಳು. ಆ ಕೋಣೆಯಲ್ಲಿ ಅವಳು ನಕ್ಕು ಬಹಳ ಕಾಲವಾಗಿತ್ತು.

ಮೂರನೆಯ ಗುಂಡಿಯ ಹೊತ್ತಿಗೆ ಅವಳು ಅಕ್ಕನ ವಿಷಯ ಹೇಳಿದಳು.

"ಅಕ್ಕ ಬೆಳಿಗ್ಗೆ ಎದ್ದಾಗಿಂದ ಒಂದು ಗುಟುಕು ನೀರು ಕುಡಿಯಲ್ಲ."

"ಯಾಕೆ?"

"ಕುಡಿದ್ರೆ ಹೋಗ್ಬೇಕಲ್ಲ ಡಾಕ್ಟ್ರೇ! ಜಿಪ್ ಹಿಂದಿದೆ. ಹೆಂಗಸ್ರೆಲ್ಲ ಸೂಟೊಳಗೇ, ಪಾಳಿಯಲ್ಲಿ ಬಿಚ್ಚೋಕೆ ಇರೋರೆಲ್ಲ ಗಂಡಸ್ರು. ಸೂಟ್ ಪೂರ್ತಿ ಕಳಚಿ, ಹೋಗಿ ಬಂದು, ಮತ್ತೆ ಯಾರನ್ನೋ ಬೇಡ್ಕೊಂಡು ಹಾಕಿಸ್ಕೋಬೇಕು. ಅದರ ಬದಲು ಬಾಯಾರಿಕೆನೇ ವಾಸಿ ಅಂತಾಳೆ. ಅಲ್ಲಿರೋ ಹೆಂಗಸ್ರೆಲ್ಲ ಹಾಗೇ."

ಇಷ್ಟು ವರ್ಷ ದೇಹದ ಬಗ್ಗೆ ಓದಿದವನಿಗೆ ಇದನ್ನು ಯಾವ ಪುಸ್ತಕವೂ ಹೇಳಿರಲಿಲ್ಲ.

"ಮೇಲಿನವ್ರಿಗೆ ಹೇಳ್ಲಿಲ್ವಾ?"

"ನಾಲ್ಕು ಸಲ. ಪರೀಕ್ಷೆ ಮಾಡಿದ ನಲವತ್ತೆರಡು ಜನರಲ್ಲಿ ಒಬ್ರೂ ದೂರು ಹೇಳಿಲ್ಲ ಅಂದ್ರು. ನಲವತ್ತೆರಡೂ ಗಂಡಸ್ರೇ! ಈ ತಿಂಗಳ ಕೊನೆಗೆ ಅಳತೆ ಪಕ್ಕಾ ಆಗಿಬಿಟ್ರೆ ಇನ್ನು ಹತ್ತು ವರ್ಷ ಇದೇ ಸೂಟು. ಅಷ್ಟು ವರ್ಷ ಅಕ್ಕನ ಮೈ ತಡೆಯಲ್ಲ."

ಆ ಸಂಜೆಯೇ ಅವನು ನಿರ್ದೇಶಕರ ಕೋಣೆಗೆ ಹೋದ. "ಹೆಣ್ಣುಮಕ್ಕಳ ಮೈ ವಾರಕ್ಕೊಂದು ಥರ ಇರುತ್ತೆ ಕಣಯ್ಯ, ಲೆಕ್ಕ ಎಲ್ಲ ಏರುಪೇರಾಗುತ್ತೆ. ಗಿಡ್ಡ ಗಂಡಸಿನ ಅಳತೆ ಇದ್ಯಲ್ಲ, ಅದೇ ಸಾಕು," ಎಂದರು ಅವರು. ಇವನು ಬಿಡಲಿಲ್ಲ. ಕೊನೆಗೆ, ಆರೋಗ್ಯ ತಪಾಸಣೆಯಲ್ಲಿ ಆರು ಜನ ಹೆಂಗಸರಾದರೂ ಅರ್ಹರಾದರೆ ಅವರಿಗಾಗಿ ಬೇರೆ ಪರೀಕ್ಷೆ ನಡೆಸೋಣ ಎಂದು ಒಪ್ಪಿಸಿಕೊಂಡು ಬಂದ.

ಅವಳು ಒಂಬತ್ತು ಜನರನ್ನು ಕರೆತಂದಳು! ಅಕ್ಕ, ಅಕ್ಕನ ಜೊತೆ ಕೆಲಸ ಮಾಡುವ ಏಳು ಮಂದಿ, ಮತ್ತು ತಾನು. ರಕ್ತ ಕೊಡುವಾಗ ಅಕ್ಕ ಅವಳ ಕಿವಿಯಲ್ಲಿ ಪಿಸುಗುಟ್ಟಿದಳು, "ನಿನ್ ಡಾಕ್ಟ್ರು ಸೂಜಿ ಚುಚ್ಚಿದ್ದು ನನಗೆ, ನೋಡ್ತಿರೋದು ನಿನ್ನ."

"ಥೂ, ಸುಮ್ನಿರೇ ಅಕ್ಕಾ!"

ಅವತ್ತು ಅವಳು ಎಷ್ಟು ಸಂತೋಷವಾಗಿದ್ದಳೆಂದರೆ, ಮನೆಗೆ ಹೋಗುವ ದಾರಿ ಸಾಲದೆ ಸುತ್ತು ಹಾಕಿಕೊಂಡು ನಡೆದಳು.

ಮೂರು ದಿನದ ನಂತರ ಪಟ್ಟಿ ಬಂತು.

ಒಂಬತ್ತು ಹೆಸರು. ಒಂಬತ್ತರ ಮುಂದೆಯೂ ಒಂದೇ ಪದ. ಅನರ್ಹ... ಅನರ್ಹ... ಅನರ್ಹ...

ಕೆಳಗೆ ಅವನ ಸಹಿ!

ಪಟ್ಟಿ ಹಿಡಿದು ಮೆಟ್ಟಿಲುಗಳನ್ನು ಓಡಿ ಹತ್ತಿ ಅವನ ಮುಂದೆ ನಿಂತಳು.

"ಇದೇನಿದು?"

ಅವನ ಮುಖ ಸಪ್ಪಗಿತ್ತು. "ರಕ್ತ ಕಮ್ಮಿ ಇದೆ. ಹಿಮೋಗ್ಲೋಬಿನ್ ಹದಿಮೂರು ಇರ್ಬೇಕು ಅಂತ ಪಟ್ಟಿಲೇ ಇದೆ ನೋಡಿ, ಅದಕ್ಕಿಂತ ಕಮ್ಮಿ. ಎಲ್ರಿಗೂ. ಬಿಸಿ ಕೋಣೆಯೊಳಗೆ ಏನಾದ್ರೂ ಆದ್ರೆ? ಬೇರೆಯವರ ಮಾತಿರಲಿ... ನಿಮ್ಮನ್ನ ಅಲ್ಲಿಗೆ ಕಳಿಸೋಕೆ ನನ್ ಕೈ ಬರಲ್ಲ." ಮೇಜಿನಿಂದ ಕಬ್ಬಿಣಾಂಶದ ಮಾತ್ರೆಗಳನ್ನು ತೆಗೆದು ಅವಳ ಮುಂದೆ ಸರಿಸಿದ. "ಊಟ ಆದ್ಮೇಲೆ ಒಂದೊಂದು ತಗೊಳ್ಳಿ. ಪ್ಲೀಸ್."

ಅದು ಪ್ರೀತಿಯೇ. ಓದುವ ನಿಮಗೂ ಗೊತ್ತಾಯಿತು, ಅವನಿಗೂ ಗೊತ್ತಿತ್ತು. ಗೊತ್ತಾಗದಿದ್ದದ್ದು ಅವಳೊಬ್ಬಳಿಗೇ. ಅವಳಿಗೆ ಕೇಳಿಸಿದ್ದು ಇನ್ನೊಂದು ಬಾಗಿಲು ಹಾಕಿದ ಸದ್ದು.

"ನನ್ನ ಬಗ್ಗೆ ಕಾಳಜಿ ಮಾಡೋರೆಲ್ಲ ನನ್ನ ಒಳಗೇ ಕೂರಿಸ್ತಾರೆ ಡಾಕ್ಟ್ರೇ. ನಿರ್ದೇಶಕರಿಗೆ 'ಆಗಲ್ಲ' ಅನ್ನೋಕೆ ಒಂದು ಕಾಗದ ಬೇಕಿತ್ತು. ನೀವು ಬರ್ಕೊಟ್ರಿ. ಅಷ್ಟೇ ತಾನೇ?"

"ಹಾಗಲ್ಲ, ಒಂದ್ ನಿಮಿಷ ಕೇಳಿ..."

ಅವಳು ಕೇಳಲಿಲ್ಲ.

ಆಮೇಲಿನ ದಿನಗಳಲ್ಲಿ ನೆಲಮಾಳಿಗೆ ಇನ್ನಷ್ಟು ಕಿರಿದಾಯಿತು. ಟ್ಯೂಬ್‌ಲೈಟಿನ ಗುಂಯ್ ಸದ್ದು, ಗೋಡೆಗೆ ನೇತುಹಾಕಿದ ಖಾಲಿ ಹಳದಿ ಸೂಟುಗಳು. ಅವನು ಎರಡು ಸಲ ಬಾಗಿಲವರೆಗೆ ಬಂದ. ಅವಳು ಮೆಷಿನ್ ಜೋರಾಗಿ ಓಡಿಸಿದಳು. ಅವನು ಹಿಂದಿರುಗಿದ. ಹೆಜ್ಜೆಗಳು ಮೆಟ್ಟಿಲೇರಿ ಮರೆಯಾದ ಮೇಲೆ ಮೆಷಿನ್ ನಿಲ್ಲಿಸಿ, ಹೊಲಿದದ್ದನ್ನೆಲ್ಲ ಬಿಚ್ಚುತ್ತ ಕೂತಳು. ಎಲ್ಲಿಗೆ ಹೋದಾಳು? ಕೆಲಸ ಬಿಟ್ಟರೆ ಅಕ್ಕನ ಸೂಟಿನ ಬಗ್ಗೆ ಮಾತಾಡಲು ಒಬ್ಬರೂ ಇರುವುದಿಲ್ಲ. ಇದ್ದರೆ ಅವನ ಹೆಜ್ಜೆ ಸದ್ದು ಕೇಳಬೇಕು.

'ಅವನನ್ನ ನಂಬಿದೆನಲ್ಲ... ನನಗೇ ಬುದ್ಧಿ ಇಲ್ಲ!'

ತಿಂಗಳು ಮುಗಿಯಲು ಎರಡು ದಿನವಿದ್ದಾಗ ಅಕ್ಕ ಜ್ವರದಿಂದ ನಡುಗುತ್ತ ಮನೆಗೆ ಬಂದಳು. ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದರೆ, ಮೂತ್ರದ ಸೋಂಕು ಎಂದರು. ಅಲ್ಲಿದ್ದ ವಯಸ್ಸಾದ ನರ್ಸು ಅಕ್ಕನನ್ನು ಚೆನ್ನಾಗಿ ಬೈದಳು.

"ನೀರು ಕುಡಿಯೋಕೇನಮ್ಮ ನಿಂಗೆ ರೋಗ?"

ಅಕ್ಕತಂಗಿಯರು ಮುಖ ಮುಖ ನೋಡಿಕೊಂಡರು. ರಕ್ತದ ವರದಿ ಬಂದಾಗ ಅವಳೇ ಅಂಜುತ್ತ ಕೇಳಿದಳು, "ಸಿಸ್ಟರ್, ಅಕ್ಕಂಗೆ ರಕ್ತ ಬಹಳ ಕಮ್ಮಿ ಅಲ್ವಾ?"

"ಯಾರ್ ಹೇಳಿದ್ರು? ಹನ್ನೆರಡೂವರೆ ಇದೆ. ಚೆನ್ನಾಗೇ ಇದೆ."

"ಹದಿಮೂರು ಇರ್ಬೇಕಂತೆ..."

ನರ್ಸು ಕನ್ನಡಕದ ಮೇಲಿಂದ ನೋಡಿದಳು. "ಅದು ಗಂಡಸರ ಲೆಕ್ಕ ಕಣಮ್ಮ. ಹೆಂಗಸ್ರಿಗೆ ಹನ್ನೆರಡು ದಾಟಿದ್ರೆ ಸರಿ. ಯಾವ್ ಡಾಕ್ಟ್ರು ನಿಂಗೆ ಹದಿಮೂರು ಅಂದಿದ್ದು?"

ಯಾವ ಡಾಕ್ಟರು...!

ಮರುದಿನ ಬೆಳಿಗ್ಗೆ ಅವನು ಕೋಣೆಗೆ ಬರುವ ಮೊದಲೇ ಅವಳು ಅಲ್ಲಿದ್ದಳು. ಅವನ ಕಣ್ಣಲ್ಲಿ ಆಸೆ ಮಿಂಚಿತು. ಅವಳು ಪಟ್ಟಿಯನ್ನು ಮೇಜಿನ ಮೇಲಿಟ್ಟು ಬೆರಳಿಟ್ಟಳು.

"ಈ ಹದಿಮೂರು ಯಾರ ಅಳತೆ ಡಾಕ್ಟ್ರೇ?"

ಅವನು ನೋಡಿದ. ಇನ್ನೊಮ್ಮೆ ನೋಡಿದ. ಮುಖದ ರಕ್ತವೆಲ್ಲ ಇಳಿದುಹೋಯಿತು. ಕಂಪ್ಯೂಟರಿನಲ್ಲಿ ನಮೂನೆ ತೆರೆದ. ಹೆಸರು, ವಯಸ್ಸು, ಎತ್ತರ, ತೂಕ, ರಕ್ತ... ಗಂಡೋ ಹೆಣ್ಣೋ ಎಂದು ಕೇಳುವ ಖಾನೆಯೇ ಇಲ್ಲ! ಇಷ್ಟು ವರ್ಷ ಅದು ಬೇಕಾಗಿರಲೇ ಇಲ್ಲ. ಹದಿಮೂರಕ್ಕಿಂತ ಕಡಿಮೆ ಬಂದರೆ ಯಂತ್ರವೇ 'ಅನರ್ಹ' ಎಂದು ಬರೆಯುತ್ತಿತ್ತು. ಅವನು ಸಹಿ ಹಾಕಿದ್ದ.

"ಇದು... ಓದೋವಾಗ ಮೊದಲ ವರ್ಷದಲ್ಲೇ ಹೇಳಿಕೊಡ್ತಾರೆ. ನಂಗೆ ಗೊತ್ತಿತ್ತು. ಗೊತ್ತಿದ್ದೂ ನೋಡ್ಲಿಲ್ಲ..."

"ನಾನು ಒಂದೇ ಅಳತೆಯಲ್ಲಿ ಎಲ್ರಿಗೂ ಬಟ್ಟೆ ಕತ್ತರಿಸಿದ್ರೆ ಕೆಲಸದಿಂದ ತೆಗೀತಾರೆ ಡಾಕ್ಟ್ರೇ." ಅವಳ ದನಿ ಒಡೆಯಿತು. "ನೀವು ಬೇಕಂತ ಮಾಡಿದ್ದೀರಿ ಅಂದ್ಕೊಂಡಿದ್ದೆ. ಹಾಗಿದ್ರೆ ದ್ವೇಷಿಸಬಹುದಿತ್ತು. ಈಗ ಅದೂ ಆಗ್ತಿಲ್ಲ."

ಅವನು ಕ್ಷಮೆ ಕೇಳಲಿಲ್ಲ. ಕೋಟು ತೊಟ್ಟು ಎದ್ದ. "ಅಳತೆ ಪಕ್ಕಾ ಮಾಡೋ ಸಭೆ ಹನ್ನೊಂದಕ್ಕೆ ಅಲ್ವಾ? ನೀವೂ ಬನ್ನಿ."

ಉದ್ದನೆಯ ಮೇಜಿನ ಸುತ್ತ ಹದಿನಾಲ್ಕು ಜನ. ಅವಳು ಬಾಗಿಲ ಬಳಿ ನಿಂತಳು. ಅವನು ಎಲ್ಲರೆದುರು ಪಟ್ಟಿಯನ್ನು ಎತ್ತಿ ಹಿಡಿದ.

"ಇದ್ರಲ್ಲಿರೋದು ನನ್ನ ತಪ್ಪು. ಒಂಬತ್ತು ಜನರಲ್ಲಿ ಏಳು ಜನ ಅರ್ಹರು. ಇಬ್ಬರಿಗೆ ಮಾತ್ರ ನಿಜವಾಗ್ಲೂ ಚಿಕಿತ್ಸೆ ಬೇಕು. ಗಂಡಸರ ಗೆರೆ ಹಾಕಿ ಹೆಂಗಸರನ್ನ ಹೊರಗಿಟ್ಟಿದ್ದೀನಿ. ಇವತ್ತು ಅಳತೆ ಪಕ್ಕಾ ಮಾಡ್ಬಾರದು."

ನಿರ್ದೇಶಕರು ಹಲ್ಲು ಕಚ್ಚಿದರು. "ಬರಹದಲ್ಲಿ ಕೊಡ್ತೀಯಾ? ಕೊಟ್ರೆ ಈ ಅಧ್ಯಯನದಲ್ಲಿ ನಿನ್ನ ಸಹಿಗೆ ಕಿಮ್ಮತ್ತಿರಲ್ಲ. ಯೋಚನೆ ಮಾಡು."

ಅವನು ಕಿಸೆಯಿಂದ ಪೆನ್ನು ತೆಗೆದು ನಿಂತಲ್ಲೇ ಬರೆದು, ಸಹಿ ಹಾಕಿ, ಮೇಜಿನ ಮೇಲೆ ಸರಿಸಿದ. ಕಾಗದ ಕಣ್ಣೆದುರೇ ಇತ್ತು. ಮುಚ್ಚಿಡಲು ಯಾರಿಗೂ ದಾರಿಯಿರಲಿಲ್ಲ. ಅಳತೆ ಮೂರು ತಿಂಗಳು ಮುಂದಕ್ಕೆ ಹೋಯಿತು. ಅವನನ್ನು ಅದೇ ಸಂಜೆ ಅಧ್ಯಯನದಿಂದ ತೆಗೆದರು.

ಹೊಸ ಡಾಕ್ಟರಮ್ಮ ಬಂದರು, ಅಕ್ಕತಂಗಿಯರೂ ಸೇರಿ ಏಳು ಜನ ಬಿಸಿ ಕೋಣೆಯಲ್ಲಿ ನಡೆದರು. ಅವನು ದೂರದ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾನೆಂದು ಯಾರೋ ಹೇಳಿದರು. ಒಂದು ಫೋನೂ ಇಲ್ಲ. ಅವಳು ಹಗಲೆಲ್ಲ ಹೆಂಗಸರ ಅಳತೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದಳು, ಸಂಜೆಗೆ ಅವನ ಮೇಲೆ ಸಿಟ್ಟಾಗುತ್ತಿದ್ದಳು. ದಿನಾ ತಪ್ಪದೆ!

ನಾಲ್ಕನೆಯ ತಿಂಗಳು. ಜಿಪ್ಪು ಮುಂದಿರುವ ಹೊಸ ಸೂಟು ಹಾಕಿಕೊಂಡು ಅಕ್ಕ ಕೆಲಸಕ್ಕಿಳಿದ ಮೊದಲ ದಿನ. ಮಧ್ಯಾಹ್ನದ ವಿರಾಮಕ್ಕೆ ಅವಳು ಕಾರ್ಖಾನೆಯ ಗೇಟಿನ ಮುಂದೆ ಬಂದು ನಿಂತರೆ, ಆಚೆ ಬದಿಯಲ್ಲಿ ಅವನೂ ನಿಂತಿದ್ದ!

"ನೀವ್ಯಾಕೆ ಬಂದ್ರಿ?"

"ಅಕ್ಕ ಹೇಗಿದ್ದಾರೆ ಅಂತ ನೋಡೋಕೆ."

"ಸುಳ್ಳು."

"ಹೂಂ. ಸುಳ್ಳು."

"ನಾಲ್ಕು ತಿಂಗಳು ಒಂದು ಫೋನ್ ಮಾಡೋಕಾಗ್ಲಿಲ್ವಾ?"

"ನೀವು ಪರೀಕ್ಷೆಯಲ್ಲಿದ್ರಿ. ನಾನು ನಿಮ್ಮ ಹತ್ರ ಸುಳಿದಾಡಿದ್ರೆ, ಒಲಿಸ್ಕೊಂಡು ಪಾಸ್ ಮಾಡಿಸಿದಾನೆ ಅಂತ ಆಡ್ಕೊಳ್ತಿದ್ರು. ಕಷ್ಟಪಟ್ಟು ಗೆದ್ದಿದ್ದು ನಿಮ್ಮದು. ನನ್ನಿಂದ ಅದು ಕೆಡಬಾರದಿತ್ತು."

ಇಷ್ಟು ದಿನ ಕೂಡಿಟ್ಟ ಬೈಗುಳವೆಲ್ಲ ಅವಳ ಬಾಯಲ್ಲೇ ಉಳಿಯಿತು. ಅಷ್ಟರಲ್ಲಿ ಬೇಲಿಯ ಆಚೆಯಿಂದ ಒಂದು ಕೂಗು. ಹಳದಿ ಸೂಟಿನ ತಲೆಯ ಭಾಗ ಕಳಚಿಕೊಂಡು ಅಕ್ಕ ಎರಡೂ ಕೈ ಬೀಸುತ್ತಿದ್ದಳು.

"ಲೇ! ಬೆಳಿಗ್ಗೆಯಿಂದ ಒಂದೂವರೆ ಲೀಟರ್ ನೀರು ಕುಡಿದೆ ಕಣೇ! ಮೂರು ಸಲ ಹೋಗಿ ಬಂದೆ! ಯಾರನ್ನೂ ಕರೀಲಿಲ್ಲ!"

ರಸ್ತೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಡಾಕ್ಟರ ಮುಖ ಕೆಂಪೇರಿತು. ಅವಳು ಬಾಯಿಗೆ ಕೈಯಡ್ಡ ಹಿಡಿದು ನಕ್ಕಳು, ನಗುತ್ತ ನಗುತ್ತ ಅತ್ತಳು. ಬೀದಿಯಲ್ಲಿ, ಎಲ್ಲರೆದುರು, ಒಂದಿಷ್ಟೂ ನಾಚಿಕೆಯಿಲ್ಲದೆ.

ಅವನು ಕಣ್ಣೊರೆಸಲು ಕೈ ಚಾಚಿ, ಅರ್ಧಕ್ಕೇ ನಿಲ್ಲಿಸಿದ. "ಪ್ರೀತಿಸ್ತೀನಿ ನಿಮ್ಮನ್ನ. ಆಗಲ್ಲ ಅಂದ್ರೂ ಪರವಾಗಿಲ್ಲ. ಈ ಸಲ ತೀರ್ಮಾನ ನಿಮ್ಮದೇ."

ಅವಳು ಅವನ ಕೈ ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡಳು.

"ಇನ್ಮೇಲೆ ಡಾಕ್ಟ್ರೇ ಅನ್ನಲ್ಲ."

"ಮತ್ತೇನಂತ ಕರೀತೀಯ?"

"ಗೊತ್ತಿಲ್ಲ... ನೀನೇ ಹೇಳು."

"ಏನಾದ್ರೂ ಕರಿ. ಕರೀತಾ ಇರು, ಅಷ್ಟೇ."