ಫೋಟೋದಲ್ಲಿ ಇಲ್ಲದ ಕೈ

ಈ ಸಲವೂ ಅಜ್ಜಿಯ ಕೈ ಬಂದಿರಲಿಲ್ಲ.

ಶಿವಲೀಲಾ ಕ್ಯಾಮೆರಾದ ಪುಟ್ಟ ಪರದೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದಳು. ದೇವರ ಕೋಣೆಯಲ್ಲಿ ಅಜ್ಜಿ ನಸುಕಿನ ಪೂಜೆಗೆ ಕುಳಿತಿದ್ದಾಳೆ. ಹಣೆಯ ತುಂಬ ವಿಭೂತಿ, ಪಕ್ಕದಲ್ಲಿ ದೀಪ. ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದಾಳೆ. ಆದರೆ ಆ ಕೈ ಇರಬೇಕಾದಲ್ಲಿ ಬರೀ ಹೊಗೆ. ಬೂದು ಬಣ್ಣದ ತೆಳ್ಳನೆಯ ಹೊಗೆ. ಅದರ ಹಿಂದಿನ ಸೀರೆಯ ಅಂಚೂ ಕಾಣುತ್ತಿತ್ತು.

"ತೋರ್ಸು ತೋರ್ಸು," ಎಂದು ಪಕ್ಕದ ಮನೆಯ ಸಿದ್ಧಾರ್ಥ ಇಣುಕಿದ. ನೋಡಿದವನೇ ಹಿಂದೆ ಸರಿದ.

"ಲೇ, ಇದು ಛಲೋ ಅಲ್ಲ. ನಮ್ಮ ಮುತ್ಯಾನ ಕಡೀ ಫೋಟೋದಾಗೂ ಹಿಂಗಽ ಆಗಿತ್ತಂತ. ಮೊದ್ಲ ಕೈ ಹೋತು."

"ಆಮ್ಯಾಲ?"

"ಆಮ್ಯಾಲ ಮುತ್ಯಾನೂ ಹೋದ."

"ಸುಳ್ಳು ಹೇಳಬ್ಯಾಡ," ಎಂದಳು ಶಿವಲೀಲಾ. ಆದರೂ ಬೆನ್ನ ಮೇಲೆ ಯಾರೋ ತಣ್ಣೀರು ಚಿಮುಕಿಸಿದಂತಾಯಿತು.

ಸಂಜೆ ಶಾಲೆ ಬಿಟ್ಟ ಕೂಡಲೇ ಅವಳು ಬಸ್ ಸ್ಟ್ಯಾಂಡಿನ ಹತ್ತಿರ ಇದ್ದ ರುದ್ರೇಶ ಮಾಮನ ಸ್ಟುಡಿಯೋಕ್ಕೆ ಓಡಿದಳು. ಆ ಹಳೆಯ ಕ್ಯಾಮೆರಾ ಅವನೇ ಕೊಟ್ಟದ್ದು.

"ಮಾಮಾ, ಇದು ಕೆಟ್ಟೈತಿ. ಹೊಸಾದು ಕೊಡಿಸು. ದೊಡ್ಡ ಲೆನ್ಸಿಂದು."

"ಈಗರ ಎಬಿಸಿಡಿ ಕಲಿಯಾಕತ್ತೀರಿ, ಆಗಲೇ ದೊಡ್ಡ ಲೆನ್ಸ್ ಬೇಕೇನ್ರಿ ಮೇಡಂ?" ಮಾಮ ನಗುತ್ತ ಫೋಟೋ ನೋಡಿದ. "ಫ್ಲ್ಯಾಶ್ ಹಾಕಿಲ್ಲ. ಭೇಷ್. ಕ್ಯಾಮೆರಾ ಎದರ ಮ್ಯಾಲ ಇಟ್ಟಿದ್ದಿ?"

"ಟ್ರಂಕಿನ ಮ್ಯಾಲ. ಟೈಮರ್ ಹಾಕಿ ದೂರ ನಿಂತಿದ್ದೆ."

"ನೋಡವಾ, ಕತ್ತಲ್ಯಾಗ ಕ್ಯಾಮೆರಾ ಭಾಳ ಹೊತ್ತು ಕಣ್ಣು ತೆರಕೊಂಡು ಕುಂದರತೈತಿ. ಅಷ್ಟೊತ್ತಿನ್ಯಾಗ ಏನು ಅಳ್ಳಾಡಿದ್ರೂ ಹೊಗಿ ಆಕ್ಕೈತಿ. ನಿಮ್ಮನಿ ಗ್ವಾಡಿಗೆ ಹತ್ತಿ ರೈಸ್ ಮಿಲ್ ಐತಿ. ಹಗಲು ರಾತ್ರಿ ಗಡಗಡ. ಟ್ರಂಕೂ ನಡಗತೈತಿ. ಇಲ್ನೋಡು, ದೀಪಾನೂ ಎರಡೆರಡು ಕಾಣಾಕತ್ತೈತಿ."

"ಹಂಗಾದ್ರ ಕ್ಯಾಮೆರಾ ಇಡಾಕ ಒಂದು ಸ್ಟ್ಯಾಂಡ್ ಆದ್ರೂ ಕೊಡಿಸು."

"ನೆಲಾನ ನಡುಗಿದ್ರ ಸ್ಟ್ಯಾಂಡ್ ಏನು ಮಾಡತೈತಿ? ನಾಡಿದ್ದು ಅಮಾಸಿ. ಮಿಲ್ ಬಂದ್ ಇರತೈತಿ. ಅವತ್ತು ತೆಗಿ. ಕೈ ಬರತೈತಿ."

ಅವತ್ತೂ ಬರದಿದ್ದರೆ? ಕೇಳಬೇಕೆಂದುಕೊಂಡಳು. ಕೇಳದೆ ಕ್ಯಾಮೆರಾ ಎತ್ತಿಕೊಂಡು ಹೊರಟಳು.

ಆ ಸಂಜೆಯಿಂದ ಅವಳು ಅಜ್ಜಿಯ ಹಿಂದೆಯೇ ಸುತ್ತಿದಳು. ಅಜ್ಜಿಗೆ ನೆರಳು ಇದೆಯೇ ಎಂದು ಕದ್ದು ನೋಡಿದಳು. ಇತ್ತು. ಆದರೆ ಅಜ್ಜಿ ಯಾವಾಗಲೂ ಕೈಯನ್ನು ಸೆರಗಿನೊಳಗೇ ಮುಚ್ಚಿಕೊಂಡಿರುತ್ತಿದ್ದಳು. ಚಹಾ ಕೊಟ್ಟರೆ, "ಅಲ್ಲೇ ಇಡವಾ, ಆಮ್ಯಾಲ ಕುಡಿತೀನಿ," ಎನ್ನುತ್ತಿದ್ದಳು. ಯಾರೂ ಇಲ್ಲದಾಗ ಕುಡಿಯುತ್ತಿದ್ದಳು.

ಅಮಾವಾಸ್ಯೆಯ ನಸುಕಿನಲ್ಲಿ ಶಿವಲೀಲಾಗೆ ಎಚ್ಚರವಾದಾಗ ಮಿಲ್ಲಿನ ಸದ್ದಿರಲಿಲ್ಲ. ಅಡುಗೆಮನೆಯ ತಟ್ಟೆಗಳು ಕಿಣಿಕಿಣಿ ಎನ್ನುತ್ತಿರಲಿಲ್ಲ. ಇಡೀ ಮನೆ ಯಾರಿಗೋ ಕಾಯುತ್ತಿರುವಂತೆ ಸುಮ್ಮನಿತ್ತು.

ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕ್ಯಾಮೆರಾವನ್ನು ಟ್ರಂಕಿನ ಮೇಲೆ ಇಟ್ಟಳು. ಅಜ್ಜಿ ಮೆಲುದನಿಯಲ್ಲಿ ವಚನ ಹೇಳಿಕೊಳ್ಳುತ್ತಿದ್ದಳು. ಟೈಮರಿನ ಕೆಂಪು ಚುಕ್ಕೆ ಮಿನುಗಿತು. ಕ್ಲಿಕ್. ಕ್ಯಾಮೆರಾ ಕಣ್ಣು ತೆರೆದು ಕುಳಿತಿತು. ಕ್ಲಿಕ್.

ದೀಪದ ಕುಡಿ ಒಂದೇ ಇತ್ತು. ಗೋಡೆಯ ಬಿರುಕು ಸ್ಪಷ್ಟವಾಗಿತ್ತು. ಅಜ್ಜಿಯ ಕೊರಳಿನ ರುದ್ರಾಕ್ಷಿಯ ಗೆರೆಗಳೂ ಕಾಣುತ್ತಿದ್ದವು.

ಕೈ ಮಾತ್ರ ಹೊಗೆ.

ಶಿವಲೀಲಾ ಪರದೆಯಿಂದ ಕಣ್ಣೆತ್ತಿ, ಕ್ಯಾಮೆರಾ ಇಲ್ಲದೆ, ಅಜ್ಜಿಯ ಕೈಯನ್ನೇ ನೋಡಿದಳು.

ಬೆರಳುಗಳಿದ್ದವು. ನಡುಗುತ್ತಿದ್ದವು. ಎಡಗೈಯನ್ನು ನಿಲ್ಲಿಸಲು ಬಲಗೈ ಅದರ ಮಣಿಕಟ್ಟು ಹಿಡಿದಿತ್ತು. ಆ ಬಲಗೈಯೂ ನಡುಗುತ್ತಿತ್ತು.

ವಚನ ನಿಂತಿತು. "ಫೋಟೋ ಛಲೋ ಬಂತೇನವಾ?" ಅಜ್ಜಿ ಲಿಂಗದಿಂದ ಕಣ್ಣು ತೆಗೆಯದೆ ಕೇಳಿದಳು.

"ಒಂದೀಟು ಅಳ್ಳಾಡೈತಿ ಅಜ್ಜಿ."

ಅಜ್ಜಿ ಮಣಿಕಟ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಮಿಲ್ಲಿಂದ ಆಗಿರಬೇಕು," ಎಂದಳು ಸಣ್ಣ ದನಿಯಲ್ಲಿ.

ಹೊರಗೆ ಒಂದು ಸದ್ದೂ ಇರಲಿಲ್ಲ.

"ಹೂಂ ಅಜ್ಜಿ. ಮಿಲ್ಲಿಂದಽ ಆಗೈತಿ."

ಶಿವಲೀಲಾ ಕ್ಯಾಮೆರಾ ಆಫ್ ಮಾಡಿ ಅಜ್ಜಿಯ ಪಕ್ಕ ಬಂದು ಕುಳಿತಳು.

"ಜಳಕ ಆಗೈತೇನು?" ಎಂದು ಅಜ್ಜಿ ಕೇಳಿದಳು.

"ಆಗೈತಿ. ಇಬತ್ತೀನೂ ಹಚ್ಚೇನಿ, ನೋಡು."

ಶಿವಲೀಲಾ ತನ್ನ ಅಂಗೈಯನ್ನು ಅಜ್ಜಿಯ ಎಡಗೈಯ ಕೆಳಗೆ ಮೆಲ್ಲನೆ ತಂದಿಟ್ಟಳು. ಬೆಚ್ಚಗಿನ, ಹಗುರವಾದ ಕೈ. ಅದರೊಳಗೆ ಪುಟ್ಟ ಮಿಲ್ಲೊಂದು ನಡೆಯುತ್ತಿತ್ತು. ಅವಳು ಕೈಯನ್ನು ಅಲ್ಲೇ ಇಟ್ಟಳು, ಅಲುಗಾಡದಂತೆ.

ಅಜ್ಜಿ ವಚನವನ್ನು ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದಲೇ ಹಿಡಿದಳು.