ಮಾತು ಕೇಳುವ ಕೈ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಮೆದುಳಿನ ವಿದ್ಯುತ್ತನ್ನು ದಾಖಲಿಸುವ ಕೆಲಸದಲ್ಲೇ ನನ್ನ ತಲೆ ನೆರೆತಿದೆ. ಮನುಷ್ಯ ಮನಸ್ಸು ಮಾಡಿ ಬೆರಳೆತ್ತುವುದಕ್ಕೆ ಒಂದು ಸೆಕೆಂಡು ಮೊದಲೇ ಪರದೆಯ ಮೇಲಿನ ಗೆರೆ ಮೆಲ್ಲಗೆ ಏರುತ್ತದೆ. ಬೆರಳು ಎದ್ದಾಗ ನಾನು ಗುಂಡಿ ಒತ್ತಿ ಗುರುತು ಹಾಕಬೇಕು. ಇಷ್ಟೇ ಕೆಲಸ.

ಆವತ್ತು ಬೆಳಿಗ್ಗೆ ಬಂದವರು ಲಕ್ವ ಹೊಡೆದು ಬಲಗೈ ಬಿದ್ದುಹೋಗಿದ್ದ ಒಬ್ಬ ಮುದುಕ ದರ್ಜಿ. ತಲೆಗೆ ತಂತಿ ಅಂಟಿಸಿ, "ಮನಸ್ಸು ಬಂದಾಗೆಲ್ಲ ಬಲಗೈ ಬೆರಳೆತ್ತಿ, ಯಜಮಾನ್ರೇ" ಅಂದೆ.

"ಮನಸ್ಸಿಗೇನು ಬರ? ಕೈಯೇ ಮಾತು ಕೇಳಲ್ಲಪ್ಪಾ" ಅಂದರು.

ಅರ್ಧ ಗಂಟೆ ಗೆರೆ ಮತ್ತೆ ಮತ್ತೆ ಏರಿತು. ಅವರ ಬೆರಳು ಮಿಸುಕಲಿಲ್ಲ. ಹಾಗಾಗಿ ನಾನು ಒಂದು ಗುರುತೂ ಹಾಕಲಿಲ್ಲ. ಕೋಣೆ ಬೆಚ್ಚಗಿತ್ತು, ಗುಂಡಿಯ ಮೇಲಿಟ್ಟಿದ್ದ ನನ್ನ ಬಲಗೈ ತೋರುಬೆರಳು ಮಾತ್ರ ತಣ್ಣಗೆ ಕೊರೆಯುತ್ತಿತ್ತು.

ತಂತಿ ಬಿಚ್ಚುವಾಗ ಅವರು ನನ್ನ ಕೈಯನ್ನೇ ನೋಡುತ್ತಾ, "ಒಳ್ಳೇ ಕೈ ನಿಮ್ಮದು" ಅಂದರು.

ಅವರು ಹೋದ ಮೇಲೆ ದಾಖಲೆ ತೆರೆದೆ. ಗೆರೆ ಏರಿದ್ದು ನಲವತ್ತೊಂದು ಸಲ. ಗುರುತುಗಳೂ ನಲವತ್ತೊಂದು. ಒಂದೊಂದು ಗುರುತೂ ಗೆರೆ ಏರಿ ಸರಿಯಾಗಿ ಒಂದು ಸೆಕೆಂಡಿಗೆ ಬಿದ್ದಿತ್ತು.

ದರ್ಜಿ ತೀರಿಕೊಂಡು ಇವತ್ತಿಗೆ ಒಂಬತ್ತು ದಿನ. ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಗೆ ಹೊಲಿಗೆಯಿಂದ ಪುರುಸೊತ್ತಿಲ್ಲ.